ಅರವತ್ತೇಳರಲ್ಲಿ ಕೂತ ಕಾಗೆ: ಆಸ್ಟರಿಸ್ಕ್‌ನಲ್ಲಿ ಮೂರು ಭಾಷೆಯ ಪ್ರಾಂಪ್ಟ್ ಜೋಡಿಸಿದ ಅನುಭವ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಧ್ವನಿ ಫೈಲುಗಳನ್ನು ಭಾಷೆವಾರು ಜೋಡಿಸಿಡುವ ವಿಷಯದಲ್ಲಿ ಫೋನ್ ಸಾಫ್ಟ್‌ವೇರ್ ಆದ ಆಸ್ಟರಿಸ್ಕ್‌ಗೆ ಐದಕ್ಕೆ ನಾಲ್ಕೂವರೆ. ಆ ಫೈಲುಗಳನ್ನು ಪೋಣಿಸಿ ಮಾತಾಡುವ ವಿಷಯದಲ್ಲಿ ಎರಡು. ದಯವಿಟ್ಟು ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ. ಒಂದು ಕಪಾಟು, ಇನ್ನೊಂದು ವ್ಯಾಕರಣ. ಕಪಾಟು ಭದ್ರವಾಗಿದೆ. ವ್ಯಾಕರಣ ಮಾತ್ರ ಇಂಗ್ಲಿಷಿನದು.

ನಾನು ಒಂದು ಆಫೀಸಿನ ಇಂಟರ್ನೆಟ್ ಫೋನ್ ವ್ಯವಸ್ಥೆ ನೋಡಿಕೊಳ್ಳುವವನು. ಫೋನ್ ಮಾಡುವವರಲ್ಲಿ ಕನ್ನಡದವರು ಜಾಸ್ತಿ, ಆಮೇಲೆ ಹಿಂದಿ, ಉಳಿದವರು ಇಂಗ್ಲಿಷ್. ಮೊದಲು ಇಂಗ್ಲಿಷ್ ಮಾತ್ರ ಇತ್ತು. ಹೊರಗಿನಿಂದ ಫೋನ್ ಮಾಡಿದವರು ಪಾಪ, ಏನು ಒತ್ತಬೇಕು ಅಂತ ತಿಳಿಯದೆ ಸುಮ್ನೆ ಕಾಯುತ್ತಿದ್ದರು. ಇಲ್ಲವೇ ಸಿಕ್ಕ ಬಟನ್ ಒತ್ತಿ ಯಾರದ್ದೋ ಟೇಬಲಿಗೆ ಹೋಗಿ ಬೀಳುತ್ತಿದ್ದರು. ಮೂರು ಭಾಷೆ ಹಾಕೋಣ ಅಂತ ಶುರು ಮಾಡಿದೆ. ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಎರಡು ತಿಂಗಳು ಹಿಡಿಯಿತು.

ಆಸ್ಟರಿಸ್ಕ್ ಗೊತ್ತಿಲ್ಲದವರಿಗೆ ಎರಡೇ ಮಾತು. ಇದು ಸಾಮಾನ್ಯ ಕಂಪ್ಯೂಟರನ್ನೇ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುವ ಮುಕ್ತ ಸಾಫ್ಟ್‌ವೇರ್. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಬರೆದದ್ದು. ಅವರ ಕಂಪನಿ ಡಿಜಿಯಂ ಅನ್ನು 2018ರಲ್ಲಿ ಸಂಗೋಮಾ ಕೊಂಡಿತು, ಈಗ ಅವರೇ ನಡೆಸುತ್ತಾರೆ. "ನಿಮಗೆ ಮೂರು ಹೊಸ ಸಂದೇಶಗಳಿವೆ", "ಒಂದನ್ನು ಒತ್ತಿ" ಅಂತೆಲ್ಲ ಕೇಳಿಸುತ್ತದಲ್ಲ, ಆ ತುಣುಕು ತುಣುಕು ದನಿಗಳಿಗೆ ಪ್ರಾಂಪ್ಟ್ ಅನ್ನುತ್ತಾರೆ. ಒಂದೊಂದು ತುಣುಕೂ ಒಂದೊಂದು ಫೈಲು.

ಕಪಾಟಿನ ವಿಷಯ ಮೊದಲು ಹೇಳುತ್ತೇನೆ, ಹೊಗಳುವುದನ್ನು ಮೊದಲೇ ಮುಗಿಸಿಬಿಡೋಣ. ಎಲ್ಲ ದನಿಗಳೂ ವಾರ್, ಲಿಬ್, ಆಸ್ಟರಿಸ್ಕ್ ದಾಟಿ ಸೌಂಡ್ಸ್ ಅನ್ನುವ ಒಂದೇ ಫೋಲ್ಡರಿನಲ್ಲಿ ಇರುತ್ತವೆ. ಅದರೊಳಗೆ ಭಾಷೆಗೊಂದು ಫೋಲ್ಡರ್. ಇಂಗ್ಲಿಷಿಗೆ ಇಎನ್, ಫ್ರೆಂಚಿಗೆ ಎಫ್‌ಆರ್, ಸ್ಪ್ಯಾನಿಷಿಗೆ ಇಎಸ್. ಪ್ರತಿ ಭಾಷೆಯ ಒಳಗೂ ಅದೇ ಹೆಸರಿನ ಅದೇ ಫೈಲುಗಳು. ಅಂಕಿಗಳಿಗೆ ಡಿಜಿಟ್ಸ್ ಅಂತ, ಅಕ್ಷರಗಳಿಗೆ ಲೆಟರ್ಸ್ ಅಂತ, ಬರೀ ಮೌನಕ್ಕೆ ಸೈಲೆನ್ಸ್ ಅಂತ ಒಳಫೋಲ್ಡರುಗಳು. ಹೌದು, ಮೌನಕ್ಕೂ ಫೈಲುಂಟು. ಒಂದು ಸೆಕೆಂಡಿನ ಮೌನ, ಎರಡು ಸೆಕೆಂಡಿನ ಮೌನ, ಹೀಗೆ ಹತ್ತರವರೆಗೆ.

ಕರೆ ಬಂದ ಕೂಡಲೇ ಆ ಚಾನೆಲ್ಲಿನ, ಅಂದರೆ ಆ ಕರೆಯ, ಭಾಷೆ ಇಂಥದ್ದು ಅಂತ ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಅಲ್ಲಿಂದ ಮುಂದೆ "ಗುಡ್‌ಬೈ ಫೈಲ್ ನುಡಿಸು" ಅಂದರೆ ತಾನಾಗಿಯೇ ಆ ಭಾಷೆಯ ಫೋಲ್ಡರಿನಲ್ಲಿ ಹುಡುಕುತ್ತದೆ. ಕರೆ ಬಂದರೆ ಏನೇನು ಮಾಡಬೇಕು ಅಂತ ಬರೆದಿಡುವ ಡಯಲ್‌ಪ್ಲಾನ್ ಮೂರು ಸಲ ಬರೆಯಬೇಕಾಗಿಲ್ಲ. ಹಳೆಯ ಕಾಲದಲ್ಲಿ ಇದು ಉಲ್ಟಾ ಇತ್ತು. ಡಿಜಿಟ್ಸ್ ಒಳಗೆ ಫ್ರೆಂಚ್, ಲೆಟರ್ಸ್ ಒಳಗೆ ಮತ್ತೊಂದು ಫ್ರೆಂಚ್, ಹೀಗೆ ಒಂದು ಭಾಷೆ ಹತ್ತು ಕಡೆ ಚದುರಿ ಬಿದ್ದಿರುತ್ತಿತ್ತು. ಲ್ಯಾಂಗ್ವೇಜ್‌ಪ್ರಿಫಿಕ್ಸ್ ಅನ್ನುವ ಆಯ್ಕೆ ತಂದು ಭಾಷೆಯನ್ನು ಮುಂದಕ್ಕೆ ಎಳೆದರು. ಈಗ ಕನ್ನಡ ಬೇಕಾದರೆ ಒಂದು ಫೋಲ್ಡರ್ ತಂದು ಇಟ್ಟರಾಯಿತು, ಬೇಡವಾದರೆ ಅದೊಂದನ್ನೇ ಎತ್ತಿ ಹೊರಗಿಟ್ಟರಾಯಿತು. ಬ್ಯಾಕಪ್ ಕೂಡ ಹಾಗೇ ಸಲೀಸು.

ಇಂಗ್ಲಿಷ್ ಫೈಲುಗಳ ಜೊತೆಗೆ ಒಂದು ಪಠ್ಯ ಪಟ್ಟಿ ಬರುತ್ತದೆ. ಫೈಲಿನ ಹೆಸರು, ಮುಂದೆ ಅದರಲ್ಲಿ ಹೇಳಿರುವ ಮಾತು. ನನಗೆ ಇಡೀ ಪ್ಯಾಕೇಜಿನಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ನೂರಾರು ಫೈಲು ಒಂದೊಂದಾಗಿ ಕೇಳಿ ಏನಿದೆ ಅಂತ ಬರೆದುಕೊಳ್ಳುವ ಹಣೆಬರಹ ತಪ್ಪಿತು. ಆ ಪಟ್ಟಿಯಲ್ಲಿ ತಮಾಷೆಯೂ ಇದೆ. ಮುಂಗುಸಿಯನ್ನು ಹೋಲುವ ವೀಸೆಲ್ ಅನ್ನುವ ಪ್ರಾಣಿಗಳು ನಮ್ಮ ಫೋನ್ ವ್ಯವಸ್ಥೆಯನ್ನೇ ತಿಂದುಹಾಕಿವೆ ಅಂತ ಗಂಭೀರವಾಗಿ ಹೇಳುವ ಒಂದು ಪ್ರಾಂಪ್ಟ್ ಉಂಟು. ಕೋತಿಗಳು ಕಿರುಚುವ ಇನ್ನೊಂದು ಉಂಟು. ಹೊಸ ಸರ್ವರ್ ಹಾಕಿದಾಗ ಪರೀಕ್ಷೆಗೆ ನಾನು ಯಾವಾಗಲೂ ಕೋತಿಗಳನ್ನೇ ನುಡಿಸುವುದು.

ಇಷ್ಟು ಚೆಂದದ ಕಪಾಟಿನಲ್ಲಿ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಕನ್ನಡಕ್ಕೆ ಫೋಲ್ಡರ್ ಮಾಡಿ ಅದಕ್ಕೆ ಕೆಎ ಅಂತ ಹೆಸರಿಟ್ಟೆ. ಕನ್ನಡ ಅಂದಮೇಲೆ ಕೆಎ ಅಲ್ವಾ, ಅಷ್ಟೇ ಯೋಚನೆ. ಗುಡ್‌ಬೈ ಸರಿಯಾಗಿ ನುಡಿಯಿತು. ಒಂದು ನುಡಿಯಿತು, ಹತ್ತು ನುಡಿಯಿತು, ಹದಿನೈದು ನುಡಿಯಿತು. ಮೂವತ್ತೈದು ಹೇಳಿಸಿದೆ. ಫೋನು "ಹದಿನೈದು" ಅಂದಿತು. ಇನ್ನೊಮ್ಮೆ ಹೇಳಿಸಿದೆ. ಮತ್ತೆ ಹದಿನೈದು. ಮೂವತ್ತೊಂದು ಕೇಳಿದರೆ ಹನ್ನೊಂದು. ಆಸ್ಟರಿಸ್ಕ್ ತನ್ನ ಆಗುಹೋಗು ಬರೆದಿಡುವ ಲಾಗ್ ತೆರೆದರೆ, 20ರ ನಂತರ ಒಂದು ಕೆಳ ಅಡ್ಡಗೆರೆ (ಅಂಡರ್‌ಸ್ಕೋರ್) ಇರುವ ಫೈಲು ಯಾವ ಫಾರ್ಮ್ಯಾಟಿನಲ್ಲೂ ಇಲ್ಲ ಅಂತ ದೂರು. ನಾನು ಅಂಥ ಫೈಲನ್ನು ಕೇಳಿಯೇ ಇರಲಿಲ್ಲ.

ಸಂಗತಿ ಏನಂದರೆ ಕೆಎ ಜಾರ್ಜಿಯನ್ ಭಾಷೆಯ ಸಂಕೇತ. ಕನ್ನಡದ್ದು ಕೆಎನ್. ಆಸ್ಟರಿಸ್ಕ್‌ನ ಒಳಗೆ ಜಾರ್ಜಿಯನ್ ಅಂಕಿಗಳಿಗೆ ಬೇರೆಯೇ ಲೆಕ್ಕ ಬರೆದಿಟ್ಟಿದ್ದಾರೆ. ಆ ಭಾಷೆಯಲ್ಲಿ ಎಣಿಕೆ ಇಪ್ಪತ್ತರ ಗುಂಪಿನಲ್ಲಿ ಹೋಗುತ್ತದೆ. ಮೂವತ್ತೈದು ಅಂದರೆ ಇಪ್ಪತ್ತು ಮತ್ತು ಹದಿನೈದು. ಹಾಗಾಗಿ ನನ್ನ ಫೋನು ಜಾರ್ಜಿಯನ್ ಲೆಕ್ಕ ಹಾಕಿ, "ಇಪ್ಪತ್ತು ಮತ್ತು" ಅನ್ನುವ ತುಣುಕು ಸಿಗದೆ ಅದನ್ನು ಹಾರಿಸಿ, ಉಳಿದ ಹದಿನೈದನ್ನು ಶುದ್ಧ ಕನ್ನಡದಲ್ಲಿ ಹೇಳುತ್ತಿತ್ತು. ಇದು ಸಾಫ್ಟ್‌ವೇರಿನ ತಪ್ಪಲ್ಲ, ನನ್ನದೇ. ಆದರೆ ನಕ್ಕೂ ನಕ್ಕೂ ಸಾಕಾಯಿತು. ಒಂದೂವರೆ ದಿನ ಮೈಕ್ರೊಫೋನ್ ಸರಿಯಿಲ್ಲ ಅಂತ ಅದಕ್ಕೆ ಬೈದಿದ್ದೆ.

ಫೋಲ್ಡರನ್ನು ಕೆಎನ್ ಮಾಡಿದ ಮೇಲೆ ಇನ್ನೊಂದು ಸತ್ಯ ಗೊತ್ತಾಯಿತು. ಕನ್ನಡಕ್ಕೆ ಅಂತ ಒಳಗೆ ಯಾವ ನಿಯಮವೂ ಇಲ್ಲ. ಜರ್ಮನ್, ರಷ್ಯನ್, ಹೀಬ್ರೂ, ಪೋಲಿಷ್, ಥಾಯ್, ಉರ್ದು, ಎಲ್ಲಕ್ಕೂ ಅಂಕಿ ಹೇಳುವ ಕ್ರಮ ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿಟ್ಟಿದ್ದಾರೆ. ಪಟ್ಟಿಯಲ್ಲಿ ಇಲ್ಲದ ಭಾಷೆ ಬಂದರೆ ಇಂಗ್ಲಿಷ್ ಕ್ರಮ. ಆಗ ಮೂವತ್ತೈದು "ಮೂವತ್ತು ಐದು" ಆಗುತ್ತದೆ. ನೂರಾ ಇಪ್ಪತ್ತೊಂದು "ಒಂದು ನೂರು ಇಪ್ಪತ್ತು ಒಂದು" ಆಗುತ್ತದೆ. ಲಕ್ಷ ಅಂತ ಅದಕ್ಕೆ ಗೊತ್ತೇ ಇಲ್ಲ, "ಒಂದು ನೂರು ಸಾವಿರ" ಅನ್ನುತ್ತದೆ. ಅರ್ಥವಾಗುವುದಿಲ್ಲ ಅಂತಲ್ಲ. ಆಗುತ್ತದೆ. ಆದರೆ ಕೇಳುವವರಿಗೆ, ಈ ಕಡೆ ಇರುವವರು ನಮ್ಮವರಲ್ಲ ಅಂತ ಮೂರನೇ ಶಬ್ದಕ್ಕೇ ತಿಳಿದುಹೋಗುತ್ತದೆ.

ಕನ್ನಡದ ಅಂಕಿಗಳು ಒಂದರ ಪಕ್ಕ ಒಂದು ಕೂರುವುದಿಲ್ಲ, ಒಂದರೊಳಗೊಂದು ಕರಗುತ್ತವೆ. ಇಪ್ಪತ್ತು, ಒಂದು ಸೇರಿ ಇಪ್ಪತ್ತೊಂದು. ಇನ್ನೂರು ಅಂದರೆ ಎರಡು ನೂರಲ್ಲ, ಅದಕ್ಕೆ ಅದರದ್ದೇ ರೂಪ. ಮುಂದೆ ಇನ್ನೊಂದು ಅಂಕಿ ಬಂದರೆ ಮುನ್ನೂರು "ಮುನ್ನೂರ" ಆಗಬೇಕು, ಸಾವಿರ "ಸಾವಿರದ" ಆಗಬೇಕು. ಹನ್ನೆರಡು ಸಾವಿರದ ಮುನ್ನೂರ ನಲವತ್ತೈದು. ಇದನ್ನು ಕತ್ತರಿಸಬಹುದಾದ ಜಾಗ ಮೂರೇ. ಹೀಗೆ ಲೆಕ್ಕ ಹಾಕಿ ಕೊನೆಗೆ ತಲುಪಿದ್ದು 124 ಫೈಲು. ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು. ನೂರರಿಂದ ಒಂಬೈನೂರರವರೆಗೆ ಒಂಬತ್ತು, ಅವೇ ಒಂಬತ್ತರ "ನೂರಾ, ಇನ್ನೂರ" ರೂಪಗಳು. ಸಾವಿರ, ಲಕ್ಷ, ಕೋಟಿ ಎರಡೆರಡು ರೂಪದಲ್ಲಿ. ಹಿಂದಿಗೂ ಒಂದರಿಂದ ನೂರರವರೆಗೆ ಇದೇ ಪಾಡು, ಆದರೆ ಅಲ್ಲಿ ನೂರಕ್ಕೆ ಒಂದೇ ತುಣುಕು ಸಾಕು. ಹಿಂದಿ ಎರಡು ದಿನದಲ್ಲಿ ಮುಗಿಯಿತು.

ನಿಯಮ ಬರೆಯುವುದಕ್ಕೆ ಸೇ ಡಾಟ್ ಕಾನ್ಫ್ ಅನ್ನುವ ಫೈಲಿದೆ. ಇದು ಆಸ್ಟರಿಸ್ಕ್‌ನ ಮರೆತುಹೋದ ಅಟ್ಟದ ಮೇಲಿನ ಪೆಟ್ಟಿಗೆ. ಬಹಳ ಜನ ತೆರೆದೇ ನೋಡಿರುವುದಿಲ್ಲ. ಭಾಷೆಗೊಂದು ವಿಭಾಗ ಮಾಡಿ, "ಎರಡಂಕಿ ಬಂದರೆ ಆ ಹೆಸರಿನ ಫೈಲನ್ನೇ ನುಡಿಸು, ಮೂರಂಕಿ ಬಂದರೆ ಮೊದಲ ಅಂಕಿಯ ನೂರರ ರೂಪ ನುಡಿಸಿ ಉಳಿದದ್ದನ್ನು ಮತ್ತೆ ಇಲ್ಲಿಗೇ ಕಳಿಸು" ಅಂತ ಸಾಲು ಸಾಲಾಗಿ ಬರೆಯಬಹುದು. ಸಿ ಭಾಷೆ ಬೇಡ, ಮತ್ತೆ ಕಂಪೈಲ್ ಮಾಡುವುದು ಬೇಡ. ನಾನು ಕನ್ನಡಕ್ಕೆ ಬರೆದದ್ದು ಇಪ್ಪತ್ತಕ್ಕಿಂತ ಕಡಿಮೆ ಸಾಲು. ಇದಕ್ಕೆ ನಿಜವಾಗಿಯೂ ಕೈಮುಗಿಯಬೇಕು.

ಎರಡು ಮುಳ್ಳುಗಳಿವೆ. ಒಂದು, ಮೇಲುಗಡೆ ಮೋಡ್ ಅನ್ನುವ ಸಾಲು ಓಲ್ಡ್ ಅಂತ ಇರುತ್ತದೆ. ಅದನ್ನು ನ್ಯೂ ಮಾಡದಿದ್ದರೆ ನೀವು ಬರೆದದ್ದಷ್ಟೂ ಅಲಂಕಾರಕ್ಕೆ. ನಾನು ಒಂದು ಇಡೀ ಸಂಜೆ ನಿಯಮ ತಿದ್ದುತ್ತಾ ಕೂತಿದ್ದೆ, ಫೋನು ಮಾತ್ರ "ಮೂವತ್ತು ಐದು" ಅಂತಲೇ ಹಟ ಮಾಡುತ್ತಿತ್ತು. ಇನ್ನೊಂದು, ಡಯಲ್‌ಪ್ಲಾನ್ ಬರೆದು ರೂಢಿ ಇದ್ದವರು ಇಲ್ಲಿ ಎಡವುತ್ತಾರೆ. ಡಯಲ್‌ಪ್ಲಾನಿನಲ್ಲಿ ಸಾಲುಗಳ ಕ್ರಮ ಹೇಗಿದ್ದರೂ ಅತಿ ಹತ್ತಿರದ ಹೊಂದಾಣಿಕೆಯನ್ನು ಅದೇ ಆರಿಸಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ, ಮೇಲಿನಿಂದ ಮೊದಲು ಹೊಂದಿದ ಸಾಲೇ ಗೆಲ್ಲುತ್ತದೆ. ಮುನ್ನೂರು, ಐದು ಸಾವಿರದಂಥ ಪೂರ್ಣ ಸಂಖ್ಯೆಗಳ ನಿಯಮವನ್ನು ಮೇಲೆ ಹಾಕದಿದ್ದರೆ "ಮುನ್ನೂರ... ಸೊನ್ನೆ" ಅಂತ ಕೇಳಬೇಕಾಗುತ್ತದೆ.

ಇನ್ನು ದನಿ. ನಮ್ಮ ಅತ್ತಿಗೆ ಒಪ್ಪಿಕೊಂಡರು. ಅವರ ಮಾತು ಸ್ಪಷ್ಟ, ಆತುರ ಇಲ್ಲ, "ಳ"ಕಾರಕ್ಕೆ "ಲ" ಬರುವುದಿಲ್ಲ. ಅಣ್ಣನ ಮನೆಯಲ್ಲಿ ಬಟ್ಟೆ ಕಪಾಟಿನ ಬಾಗಿಲು ಎರಡೂ ತೆರೆದು, ಸೀರೆಗಳ ಕಡೆ ಮುಖ ಮಾಡಿ ಕೂರಿಸಿ, ಫ್ಯಾನ್ ಆರಿಸಿ ಶುರು ಮಾಡಿದೆವು. ಬಟ್ಟೆ ಪ್ರತಿಧ್ವನಿಯನ್ನು ನುಂಗುತ್ತದೆ, ಸ್ಟುಡಿಯೊ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಾನು ಪಟ್ಟಿ ಹಿಡಿದು ಒಂದೊಂದೇ ಸಾಲು ಕೊಟ್ಟೆ. ಹತ್ತು ಸಾಲಿಗೆ ಅತ್ತಿಗೆ ಪಟ್ಟಿಯನ್ನೇ ಕಿತ್ತುಕೊಂಡು ನೋಡಿದರು.

"ಇದೇನೋ ಇದು? 'ನಿಮಗೆ' ಅಂತ ಒಂದು ಸಲ ಹೇಳು, 'ಹೊಸ' ಅಂತ ಒಂದು ಸಲ ಹೇಳು, 'ಮತ್ತು' ಅಂತ ಒಂದು ಸಲ ಹೇಳು. ಯಾರಿಗೆ ಹೇಳ್ತಿದ್ದೀನಿ ಅಂತಲಾದ್ರೂ ಗೊತ್ತಾಗಬೇಡವಾ ನಂಗೆ?"

"ಅತ್ತಿಗೆ, ಅದನ್ನೆಲ್ಲ ಕಂಪ್ಯೂಟರ್ ಜೋಡಿಸಿಕೊಳ್ಳುತ್ತೆ, ನೀವು ಸುಮ್ನೆ ಓದಿ."

"ಜೋಡಿಸುತ್ತೆ ಸರಿ, 'ಇಲ್ಲ' ಅನ್ನೋದನ್ನ ಎಲ್ಲಿ ಜೋಡಿಸುತ್ತೆ? ಪಟ್ಟಿಯಲ್ಲಿ ಅದಿಲ್ಲವಲ್ಲ."

ನಾನು ಸುಮ್ಮನಾದೆ. ಅವರು ಹೇಳಿದ್ದು ಸರಿ ಇತ್ತು. ಈ ವಿಮರ್ಶೆಯ ಎರಡು ಅಂಕ ಬಂದದ್ದು ಆ ಕ್ಷಣದಲ್ಲೇ.

ವಾಯ್ಸ್‌ಮೇಲ್ ಹೇಗೆ ಮಾತಾಡುತ್ತದೆ ನೋಡಿ. ಮೊದಲು "ಯು ಹ್ಯಾವ್" ಅನ್ನುವ ಫೈಲು. ಆಮೇಲೆ ಸಂಖ್ಯೆ. ಆಮೇಲೆ "ನ್ಯೂ". ಹಳೆಯವೂ ಇದ್ದರೆ "ಅಂಡ್", ಇನ್ನೊಂದು ಸಂಖ್ಯೆ, "ಓಲ್ಡ್". ಕೊನೆಗೆ "ಮೆಸೇಜಸ್". ಇದನ್ನು ಕನ್ನಡಕ್ಕೆ ತರುವುದು ಮೊದಲಿಗೆ ಸುಲಭ ಅನಿಸುತ್ತದೆ. "ನಿಮಗೆ", "ಮೂರು", "ಹೊಸ", "ಮತ್ತು", "ಎರಡು", "ಹಳೆಯ", "ಸಂದೇಶಗಳಿವೆ". ಎಷ್ಟು ಚೆನ್ನಾಗಿ ಕೂತಿತು! ಕ್ರಿಯಾಪದವನ್ನು ಕೊನೆಯ ತುಣುಕಿನಲ್ಲಿ ಅಡಗಿಸಿಬಿಟ್ಟರೆ ಮುಗಿಯಿತು ಅಂತ ನಾನು ಬೀಗಿದ್ದೆ.

ಸಂದೇಶವೇ ಇಲ್ಲದಿದ್ದಾಗ? ಆಗ ಅದು ನುಡಿಸುವುದು "ಯು ಹ್ಯಾವ್", "ನೋ", "ಮೆಸೇಜಸ್". ಇಂಗ್ಲಿಷಿನಲ್ಲಿ ಇಲ್ಲ ಅನ್ನುವುದು ನಡುವೆ ಬರುತ್ತದೆ, ಕೊನೆಯ ತುಣುಕು ಅದೇ ಇರುತ್ತದೆ. ನಮ್ಮಲ್ಲಿ ಇಲ್ಲ ಅನ್ನುವುದು ಕೊನೆಗೇ ಬರಬೇಕು. ಆದರೆ ಕೊನೆಯ ತುಣುಕಿನಲ್ಲಿ ಆಗಲೇ "ಇವೆ" ಕೂತಿದೆ. "ನಿಮಗೆ ಯಾವುದೇ ಸಂದೇಶಗಳಿವೆ." ಇದನ್ನು ಯಾರು ಕೇಳಿಸಿಕೊಳ್ಳುತ್ತಾರೆ?

ಆಸ್ಟರಿಸ್ಕ್‌ನವರಿಗೆ ಈ ತೊಂದರೆ ಗೊತ್ತಿಲ್ಲದೆ ಏನಿಲ್ಲ. ಅನೇಕ ಭಾಷೆಗಳಿಗೆ ವಾಯ್ಸ್‌ಮೇಲಿನ ಪೀಠಿಕೆಯನ್ನೇ ಬೇರೆ ಬೇರೆಯಾಗಿ ಬರೆದಿದ್ದಾರೆ. ಕನ್ನಡಕ್ಕೆ ಯಾರೂ ಬರೆದಿಲ್ಲ ಅಷ್ಟೇ. ಬರೆಯಬೇಕಾದರೆ ಸಿ ಭಾಷೆಗೇ ಇಳಿಯಬೇಕು, ಸೇ ಡಾಟ್ ಕಾನ್ಫ್‌ನ ಕೈ ಅಲ್ಲಿಗೆ ಎಟುಕುವುದಿಲ್ಲ. ನನಗೆ ಅಷ್ಟು ಧೈರ್ಯ ಇರಲಿಲ್ಲ. ಅಡ್ಡದಾರಿ ಹಿಡಿದೆ. "ಯು ಹ್ಯಾವ್" ಜಾಗಕ್ಕೆ "ನಿಮಗೆ ಬಂದಿರುವುದು" ಅಂತ ಹಾಕಿದೆ. ಕೊನೆಗೆ ಬರೀ "ಸಂದೇಶಗಳು". "ನೋ" ಜಾಗಕ್ಕೆ "ಸೊನ್ನೆ". ಈಗ "ನಿಮಗೆ ಬಂದಿರುವುದು ಮೂರು ಹೊಸ ಸಂದೇಶಗಳು" ಸೊಗಸಾಗಿಯೇ ಕೇಳುತ್ತದೆ. "ನಿಮಗೆ ಬಂದಿರುವುದು ಸೊನ್ನೆ ಸಂದೇಶಗಳು" ಅನ್ನುವುದು ಮಾತ್ರ ಸಾಲ ವಸೂಲಿಗೆ ಬಂದವರ ಮಾತಿನ ಹಾಗಿದೆ. ಅತ್ತಿಗೆ ಅದನ್ನು ರೆಕಾರ್ಡ್ ಮಾಡುವಾಗ ನಗು ತಡೆಯದೆ ಆರು ಸಲ ನಿಲ್ಲಿಸಿದರು. ಏಳನೆಯದ್ದರಲ್ಲಿ ಸ್ವಲ್ಪ ನಗು ಉಳಿದಿದೆ, ಅದೇ ಹೋಗಿದೆ.

ಸರದಿಯ ಪ್ರಾಂಪ್ಟುಗಳು ಇಷ್ಟು ಕಾಡಲಿಲ್ಲ. ಆದರೆ ಅಲ್ಲೊಂದು ಎಚ್ಚರಿಕೆ. ಫೈಲಿನ ಹೆಸರು ನೋಡಿ ಅನುವಾದ ಮಾಡಬೇಡಿ. ಕ್ಯೂ ದೇರ್‌ಆರ್ ಅನ್ನುವ ಹೆಸರಿನ ಫೈಲಿನಲ್ಲಿ "ದೇರ್ ಆರ್" ಅಂತ ಇಲ್ಲವೇ ಇಲ್ಲ, ಸರದಿಯಲ್ಲಿ ನಿಮ್ಮ ಸಂಖ್ಯೆ ಇಷ್ಟು ಅನ್ನುವ ಅರ್ಥದ ಮಾತಿದೆ. ನಾನು ಹೆಸರು ನೋಡಿ "ನಿಮ್ಮ ಮುಂದೆ" ಅಂತ ರೆಕಾರ್ಡ್ ಮಾಡಿಸಿದ್ದೆ. ಅದನ್ನೇ ಉಳಿಸಿಕೊಂಡಿದ್ದರೆ ಇನ್ನೊಂದು ಗುಂಡಿಗೆ ಬೀಳುತ್ತಿದ್ದೆ, ಯಾಕೆಂದರೆ ನಮ್ಮಲ್ಲಿ ಮನುಷ್ಯರನ್ನು ಎಣಿಸುವ ಅಂಕಿಗಳೇ ಬೇರೆ. ಎರಡು ಜನ ಅಲ್ಲ, ಇಬ್ಬರು. ಪಠ್ಯ ಪಟ್ಟಿ ನೋಡಿದ ಮೇಲೆ "ಸರದಿಯಲ್ಲಿ ನಿಮ್ಮ ಸಂಖ್ಯೆ" ಅಂತ ಬದಲಿಸಿದೆ. ಸಂಖ್ಯೆಗೆ ಸಂಖ್ಯೆ, ಇಬ್ಬರು ಮೂವರ ಗೋಜೇ ಬೇಡ.

ಗಂಟೆ ಹೇಳುವುದು ಇನ್ನೊಂದು ಕಥೆ. ಯಾವ ಕ್ರಮದಲ್ಲಿ ಏನು ಹೇಳಬೇಕು ಅಂತ ಅಕ್ಷರಗಳಲ್ಲಿ ಬರೆದುಕೊಡಬಹುದು, ಅದು ಬಹಳ ಚೆನ್ನಾಗಿದೆ. ಎಎಂ, ಪಿಎಂ ಭಾಗವನ್ನು ಮುಂದಕ್ಕೆ ತಂದು "ಬೆಳಗ್ಗೆ ಹತ್ತು ಮೂವತ್ತು" ಅಂತ ಮಾಡಿಕೊಂಡೆ. ಪಿಎಂಗೆ ಒಂದೇ ಫೈಲು ಇರುವುದು ತೊಂದರೆ. ನಮಗೆ ಮಧ್ಯಾಹ್ನ ಬೇರೆ, ಸಂಜೆ ಬೇರೆ, ರಾತ್ರಿ ಬೇರೆ. ಪಿಎಂಗೆ "ರಾತ್ರಿ" ಅಂತ ಹಾಕಿ, ಮಧ್ಯಾಹ್ನ ಬಂದದ್ದನ್ನು "ರಾತ್ರಿ ಎರಡು ಗಂಟೆಗೆ ಬಂದ ಸಂದೇಶ" ಅಂದರೆ ಗಾಬರಿಯಾಗುವುದಿಲ್ಲವೇ? ಕೊನೆಗೆ "ಮಧ್ಯಾಹ್ನದ ನಂತರ" ಅಂತ ಹಾಕಿ ಕೈತೊಳೆದುಕೊಂಡೆ. ರಾತ್ರಿ ಒಂಬತ್ತೂ ಮಧ್ಯಾಹ್ನದ ನಂತರವೇ ತಾನೆ.

ಈಗ ಕಾಗೆಯ ವಿಷಯ. ಅತ್ತಿಗೆ "ಅರವತ್ತೇಳು" ಅನ್ನುವಾಗ ಕಿಟಕಿಯ ಹೊರಗೆ ಒಂದು ಕಾಗೆ ಕೂಗಿತ್ತು. ಆಗ ನಮ್ಮಿಬ್ಬರಿಗೂ ಕೇಳಿಸಲಿಲ್ಲ. ಹಾಗೇ ಹೋಯಿತು. ಒಂದು ದಿನ ಯಾರೋ ಫೋನ್ ಮಾಡಿದವರು, ನಿಮ್ಮ ಟೋಕನ್ ಹೇಳುವಾಗ ಹಕ್ಕಿ ಕೂಗುತ್ತದಲ್ಲ ಯಾಕೆ ಅಂತ ಕೇಳಿದರಂತೆ. ಹುಡುಕಿದೆ, ಸಿಕ್ಕಿತು. ಅತ್ತಿಗೆಯನ್ನು ಮತ್ತೆ ಸೀರೆಗಳ ಮುಂದೆ ಕೂರಿಸಿ ಆ ಒಂದೇ ಅಂಕಿ ಹೇಳಿಸಿದೆ. ಹಳೆಯದರ ಮೇಲೆ ಹೊಸದನ್ನು ಹಾಕಿದೆ. ನನ್ನ ಟೇಬಲಿನ ಫೋನಿನಿಂದ ಕೇಳಿದೆ. ಕಾಗೆ ಇಲ್ಲ. ಪಕ್ಕದ ಟೇಬಲಿನಿಂದಲೂ ಇಲ್ಲ.

ನಾಲ್ಕು ದಿನ ಬಿಟ್ಟು ಮತ್ತೆ ಅದೇ ದೂರು. ಹಕ್ಕಿ ಕೂಗುತ್ತಿದೆ. ನಾನು ಕೇಳಿದರೆ ಇಲ್ಲ. ಹೊರಗಿನವರಿಗೆ ಮಾತ್ರ ಕೇಳಿಸುವ ಕಾಗೆ. ನನ್ನ ಮೊಬೈಲಿನಿಂದ ಆಫೀಸಿಗೆ ಫೋನ್ ಮಾಡಿದೆ, ಕಾವ್ ಅಂದಿತು.

ಇದರ ಹಿಂದಿರುವುದು ಆಸ್ಟರಿಸ್ಕ್‌ನ ಒಂದು ಒಳ್ಳೆಯ ಗುಣವೇ. ಫೈಲು ನುಡಿಸು ಅನ್ನುವಾಗ ನಾವು ಹೆಸರಿನ ಕೊನೆಯ ಬಾಲ, ಅಂದರೆ ವೇವ್, ಜಿಎಸ್‌ಎಂ ಅಂತೆಲ್ಲ ಹೇಳುವುದಿಲ್ಲ. ಅದೇ ಹೆಸರಿನಲ್ಲಿ ಎಷ್ಟು ಫಾರ್ಮ್ಯಾಟ್ ಇದೆ ನೋಡಿ, ಆ ಕರೆಯ ಕೋಡೆಕ್‌ಗೆ, ಅಂದರೆ ದನಿಯನ್ನು ಅಂಕಿಗಳಾಗಿಸಿ ಕಳಿಸುವ ವಿಧಾನಕ್ಕೆ, ಬದಲಾಯಿಸಲು ಯಾವುದಕ್ಕೆ ಕಡಿಮೆ ಶ್ರಮವೋ ಅದನ್ನು ಆರಿಸುತ್ತದೆ. ಆಫೀಸಿನ ಒಳಗಿನ ಫೋನುಗಳು ಜಿ.722ನಲ್ಲಿ ಮಾತಾಡುತ್ತವೆ, ಅದರಲ್ಲಿ ಸೆಕೆಂಡಿಗೆ 16,000 ಸಲ ದನಿಯ ಮಾದರಿ ತೆಗೆಯುತ್ತಾರೆ, ದನಿ ತುಂಬ ಶುಭ್ರ. ಹೊರಗಿನ ಕರೆಗಳು ಎ-ಲಾದಲ್ಲಿ ಬರುತ್ತವೆ, ಸೆಕೆಂಡಿಗೆ 8,000. ಸರ್ವರಿಗೆ ಹಗುರವಾಗಲಿ ಅಂತ ನಾನೇ ಎಲ್ಲ ಫೈಲುಗಳನ್ನೂ ವೇವ್, ಎ-ಲಾ, ಜಿ.722 ಮೂರರಲ್ಲೂ ಮಾಡಿಟ್ಟಿದ್ದೆ. ಕಾಗೆ ಓಡಿಸುವಾಗ ವೇವ್, ಜಿ.722 ಎರಡನ್ನು ಬದಲಿಸಿ ಎ-ಲಾ ಮರೆತಿದ್ದೆ. ಕಾಗೆ ಅಲ್ಲಿ ಆರಾಮಾಗಿ ಕೂತಿತ್ತು.

ಆ ದಿನದಿಂದ ನನ್ನ ಪದ್ಧತಿ ಬದಲಾಯಿತು. ಸೌಂಡ್ಸ್ ಫೋಲ್ಡರಿನಲ್ಲಿ ಕೈಯಿಂದ ಯಾವ ಫೈಲನ್ನೂ ಮುಟ್ಟುವುದಿಲ್ಲ. ಮೂಲ ರೆಕಾರ್ಡಿಂಗುಗಳು ಬೇರೆ ಜಾಗದಲ್ಲಿ, ಪೂರ್ತಿ ಗುಣಮಟ್ಟದಲ್ಲಿ ಇರುತ್ತವೆ. ಒಂದು ಸ್ಕ್ರಿಪ್ಟ್, ಸಾಕ್ಸ್ ಅನ್ನುವ ದನಿ ಬದಲಾಯಿಸುವ ಸಾಫ್ಟ್‌ವೇರ್ ಬಳಸಿ, ಅವನ್ನು ಒಂದೇ ಚಾನೆಲ್ಲಿಗೆ, 16 ಬಿಟ್ಟಿಗೆ, ಸೆಕೆಂಡಿಗೆ ಬೇಕಾದಷ್ಟು ಮಾದರಿಗೆ ಇಳಿಸುತ್ತದೆ. ಜಿ.722 ಮಾಡುವುದಕ್ಕೆ ಆಸ್ಟರಿಸ್ಕ್‌ನದೇ ಫೈಲ್ ಕನ್ವರ್ಟ್ ಆದೇಶ. ಹಳೆಯದನ್ನೆಲ್ಲ ಅಳಿಸಿ ಹೊಸದನ್ನು ಬರೆಯುತ್ತದೆ, ಆಸ್ಟರಿಸ್ಕ್ ಓದುವ ಹಾಗೆ ಅನುಮತಿ ಕೊಡುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಸ್ಟೀರಿಯೊ ಫೈಲನ್ನು ಹಾಗೇ ಹಾಕಿ ದನಿ ಬರುತ್ತಿಲ್ಲ ಅನ್ನುವವರು ಬಹಳ. ಅದು ನುಡಿಯುವುದಿಲ್ಲ, ಇಳಿಸಲೇಬೇಕು.

ಜಾಗ ಎಷ್ಟು ಹಿಡಿಯುತ್ತದೆ ಅನ್ನುವ ಚಿಂತೆ ಬೇಡ. ಎ-ಲಾದಲ್ಲಿ ಒಂದು ಸೆಕೆಂಡಿಗೆ 8,000 ಬೈಟ್, 8,000 ಮಾದರಿಯ ವೇವ್‌ನಲ್ಲಿ ಅದರ ಎರಡರಷ್ಟು. ಮೂರು ಭಾಷೆಯೂ ಸೇರಿ ಇಂದಿನ ಡಿಸ್ಕಿಗೆ ಏನೂ ಅಲ್ಲ.

ಇನ್ನು ಇಲ್ಲದ ಫೈಲಿನ ವಿಷಯ. ಕೆಎನ್ ಫೋಲ್ಡರಿನಲ್ಲಿ ಸಿಗದಿದ್ದರೆ ಆಸ್ಟರಿಸ್ಕ್ ಭಾಷೆಯಿಲ್ಲದ ಮೇಲಿನ ಫೋಲ್ಡರಿನಲ್ಲಿ ಹುಡುಕುತ್ತದೆ. ಅಲ್ಲೂ ಇಲ್ಲದಿದ್ದರೆ ಇಂಗ್ಲಿಷಿಗೆ ಹೋಗುತ್ತದೆ. ಕರೆ ನಿಲ್ಲಬಾರದು ಅನ್ನುವ ಕಾಳಜಿ ಸರಿ. ಆದರೆ ಇದು ಸದ್ದಿಲ್ಲದೆ ನಡೆಯುತ್ತದೆ, ಲಾಗಿನಲ್ಲಿ ಒಂದು ಅಕ್ಷರವೂ ಬರುವುದಿಲ್ಲ. ಇಂಗ್ಲಿಷ್ ಪ್ರಾಂಪ್ಟುಗಳಿಗೆ ದನಿ ಕೊಟ್ಟವರು ಆಲಿಸನ್ ಸ್ಮಿತ್, ಫೋನ್ ಕ್ಷೇತ್ರದಲ್ಲಿ ಎಲ್ಲರೂ ಬಲ್ಲ ದನಿ. ನಮ್ಮ ಅತ್ತಿಗೆ "ನಿಮಗೆ ಬಂದಿರುವುದು ಮೂರು" ಅಂದ ಕೂಡಲೇ ಆಲಿಸನ್ ಬಂದು "ನ್ಯೂ" ಅನ್ನುವರು, ಮತ್ತೆ ಅತ್ತಿಗೆ "ಸಂದೇಶಗಳು" ಅನ್ನುವರು. ಕಾರಣ ಹುಡುಕಿದರೆ ಆ ಫೈಲಿನ ಹೆಸರಿನಲ್ಲಿ ಇನ್‌ಬಾಕ್ಸ್ ಅನ್ನುವುದು ಪೂರ್ತಿ ದೊಡ್ಡಕ್ಷರದಲ್ಲಿ ಇರಬೇಕಿತ್ತು. ನಾನು ಸಣ್ಣಕ್ಷರದಲ್ಲಿ ಬರೆದಿದ್ದೆ. ಲಿನಕ್ಸಿಗೆ ಅವೆರಡೂ ಬೇರೆ ಬೇರೆ ಫೈಲುಗಳು.

ಆದ್ದರಿಂದ ಪರೀಕ್ಷೆಯ ಯಂತ್ರದಲ್ಲಿ ಇಂಗ್ಲಿಷ್ ಪ್ಯಾಕೇಜನ್ನೇ ತೆಗೆದುಬಿಟ್ಟೆ. ಆಗ ಇಲ್ಲದ ಫೈಲು ಲಾಗಿನಲ್ಲಿ ಕಿರುಚಿಕೊಳ್ಳುತ್ತದೆ. ನಿಜವಾದ ಸರ್ವರಿನಲ್ಲಿ ಇಂಗ್ಲಿಷ್ ಇರಲಿ, ಮೌನಕ್ಕಿಂತ ಆಲಿಸನ್ ವಾಸಿ. ಇದೇ ಗುಣವನ್ನು ಒಳ್ಳೆಯದಕ್ಕೂ ಬಳಸಬಹುದು. ಭಾಷೆಯ ಸಂಕೇತದ ನಂತರ ಕೆಳ ಅಡ್ಡಗೆರೆ ಹಾಕಿ ಏನಾದರೂ ಸೇರಿಸಿದರೆ, ಮೊದಲು ಆ ಪೂರ್ತಿ ಹೆಸರಿನ ಫೋಲ್ಡರ್ ನೋಡಿ, ಆಮೇಲೆ ಅಡ್ಡಗೆರೆಯ ನಂತರದ್ದನ್ನು ಕತ್ತರಿಸಿ ಮತ್ತೆ ಹುಡುಕುತ್ತದೆ. ನಾನು ಕೆಎನ್ ಮುಂದೆ ಟೆಸ್ಟ್ ಅಂತ ಸೇರಿಸಿ ಒಂದು ಫೋಲ್ಡರ್ ಮಾಡಿದ್ದೇನೆ. ಹೊಸ ರೆಕಾರ್ಡಿಂಗ್ ಮೂರೋ ನಾಲ್ಕೋ ಇದ್ದರೆ ಅಷ್ಟನ್ನೇ ಅದರಲ್ಲಿ ಹಾಕಿ, ನನ್ನ ಫೋನಿಗೆ ಮಾತ್ರ ಆ ಭಾಷೆ ಕೊಡುತ್ತೇನೆ. ಉಳಿದದ್ದೆಲ್ಲ ಮಾಮೂಲಿ ಕನ್ನಡದಿಂದ ಬರುತ್ತದೆ. ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ. ಕಪಾಟಿಗೆ ಕೊಟ್ಟ ಅಂಕದಲ್ಲಿ ಅರ್ಧ ಇದಕ್ಕೇ ಹೋಯಿತು.

ನಮ್ಮದೇ ಆಫೀಸಿನ ಪ್ರಾಂಪ್ಟುಗಳನ್ನು ಮಾತ್ರ ನಾನು ತುಂಡು ಮಾಡುವುದಿಲ್ಲ. ಪ್ರತಿ ಭಾಷೆಯ ಫೋಲ್ಡರಿನೊಳಗೆ ಕಸ್ಟಮ್ ಅಂತ ಒಂದು ಮಾಡಿ, ಪೂರ್ತಿ ವಾಕ್ಯಗಳನ್ನೇ ಇಟ್ಟಿದ್ದೇನೆ. "ವಿಚಾರಣೆಗೆ ಒಂದನ್ನು ಒತ್ತಿ" ಒಂದೇ ಫೈಲು. ತುಣುಕು ಅಂಕಿಗಳಿಗಷ್ಟೇ. ಭಾಷೆ ಕೇಳುವ ಮೊದಲ ಪ್ರಾಂಪ್ಟ್ ಯಾವ ಭಾಷೆಯ ಫೋಲ್ಡರಿನಲ್ಲೂ ಇಲ್ಲ. ಆಗಿನ್ನೂ ಭಾಷೆಯೇ ಗೊತ್ತಿರುವುದಿಲ್ಲವಲ್ಲ. ಅದು ಮೇಲೆ, ಎಲ್ಲರಿಗೂ ಸಿಗುವ ಜಾಗದಲ್ಲಿದೆ, ಮೂರು ಭಾಷೆಯಲ್ಲೂ ಒಂದೊಂದು ಮಾತು ಹೇಳುತ್ತದೆ. ಒಮ್ಮೆ ಆರಿಸಿದ ಭಾಷೆಯನ್ನು ಆಸ್ಟರಿಸ್ಕ್‌ನ ಒಳಗಿನ ಪುಟ್ಟ ಡೇಟಾಬೇಸಿನಲ್ಲಿ ಫೋನ್ ನಂಬರಿನ ಜೊತೆ ಬರೆದಿಡುತ್ತೇನೆ, ಮುಂದಿನ ಸಲ ಕೇಳುವುದಿಲ್ಲ. ಒಂದೇ ಫೋನನ್ನು ಅಜ್ಜಿ, ಮೊಮ್ಮಗ ಇಬ್ಬರೂ ಬಳಸುವ ಮನೆಗಳಿಗೆ ಅಂತ ಸ್ಟಾರ್ ಒತ್ತಿದರೆ ಮತ್ತೆ ಕೇಳುವ ಹಾಗೆ ಮಾಡಿದ್ದೇನೆ.

ಯಾರು ಬಳಸಬೇಕು? ಕಮಾಂಡ್ ಸಾಲು ನೋಡಿದರೆ ಹೆದರುವವರಿಗೆ ಆಸ್ಟರಿಸ್ಕನ್ನು ವೆಬ್ ಪುಟದಿಂದ ನಡೆಸುವ ಫ್ರೀಪಿಬಿಎಕ್ಸ್ ಸಾಕು. ವೆಬ್ ಪುಟದಲ್ಲೇ ರೆಕಾರ್ಡಿಂಗ್ ಹಾಕಬಹುದು, ಭಾಷೆ ಆರಿಸಬಹುದು, ಫಾರ್ಮ್ಯಾಟ್ ಬದಲಾವಣೆ ಅದೇ ಮಾಡುತ್ತದೆ. ಹತ್ತು ಹದಿನೈದು ಪ್ರಾಂಪ್ಟಿಗೆ ಅದೇ ಒಳ್ಳೆಯದು. ಅಂಕಿ, ಗಂಟೆ, ಸರದಿ ಎಲ್ಲವೂ ಕನ್ನಡದಲ್ಲಿ ಕನ್ನಡದ ಹಾಗೇ ಬರಬೇಕು ಅಂದರೆ ಮಾತ್ರ ನನ್ನ ಹಾಗೆ ಒಳಗೆ ಇಳಿಯಿರಿ. ಇಳಿಯುವ ಮುಂಚೆ 124 ಫೈಲಿಗೆ ತಾಳ್ಮೆಯಿಂದ ಕೂರುವ ಒಬ್ಬರನ್ನು ಹುಡುಕಿಕೊಳ್ಳಿ. ಅವರು ಮುಂದೆಯೂ ಸಿಗುವವರಾಗಿರಲಿ. ವರ್ಷದ ನಂತರ ಒಂದು ಸಾಲು ಸೇರಿಸಬೇಕಾದಾಗ ಬೇರೆಯವರ ದನಿ ಬಂದರೆ ಸೀರೆಗೆ ಬೇರೆ ಬಣ್ಣದ ತೇಪೆ ಹಾಕಿದ ಹಾಗಿರುತ್ತದೆ.

ಮೊನ್ನೆ ಅತ್ತಿಗೆಗೆ ಫೋನ್ ಮಾಡಿ, "ಆ 'ಸೊನ್ನೆ ಸಂದೇಶಗಳು' ಇದೆಯಲ್ಲ, ಅದನ್ನೊಮ್ಮೆ ನಗದೆ ಹೇಳಿಕೊಡ್ತೀರಾ?" ಅಂತ ಕೇಳಿದೆ.

"ಮೊದಲು ಅದನ್ನ ಕನ್ನಡ ಮಾಡಿಕೊಂಡು ಬಾ, ಆಮೇಲೆ ಹೇಳ್ತೀನಿ" ಅಂದರು.

ಸಿ ಭಾಷೆಯ ಆ ಫೈಲನ್ನು ತೆರೆದು ಕೂತಿದ್ದೇನೆ.